ಊರಿಗೆ ಬಂದ ಮೇಲೆ ಹೊಟ್ಟೆ ಕೆಟ್ಟರೆ ಮೊದಲು ದಿನ ಎಣಿಸಿ

ನೇಪಾಳ ಯಾತ್ರೆ ಮುಗಿಸಿ ಊರಿಗೆ ಬಂದು ಹನ್ನೆರಡು ದಿನ ಆಗಿತ್ತು. ಕಠ್ಮಂಡು, ಪೋಖರಾ, ಮುಕ್ತಿನಾಥ ಎಲ್ಲ ಸುಖವಾಗಿ ಮುಗಿದಿತ್ತು. ನಮ್ಮ ಗುಂಪಿನಲ್ಲಿ ಐದಾರು ಜನ ಅಲ್ಲೇ ಹೊಟ್ಟೆ ಕೆಡಿಸಿಕೊಂಡು ದಾರಿಯುದ್ದಕ್ಕೂ ಬಸ್ಸು ನಿಲ್ಲಿಸಿದ್ದರು. ನನಗೆ ಏನೂ ಆಗಿರಲಿಲ್ಲ. ಅದರ ಬಗ್ಗೆ ಸಣ್ಣ ಜಂಬವೂ ಇತ್ತು. ಹದಿಮೂರನೆಯ ದಿನ ಬೆಳಿಗ್ಗೆ ಒಂದು ತೇಗು ಬಂತು. ಕೊಳೆತ ಮೊಟ್ಟೆಯ ವಾಸನೆ. ನಮ್ಮ ಮನೆಗೆ ಮೊಟ್ಟೆಯೇ ಬರುವುದಿಲ್ಲ!

ಆಮೇಲೆ ಹೊಟ್ಟೆ ಉಬ್ಬರ, ಗುಡುಗುಡು ಸದ್ದು, ದಿನಕ್ಕೆ ನಾಲ್ಕೈದು ಸಲ ಲೂಸ್ ಮೋಷನ್. ಜ್ವರ ಇಲ್ಲ, ರಕ್ತ ಇಲ್ಲ. ಒಂದು ಕ್ಲಿನಿಕ್‌ನಲ್ಲಿ ಎರಡೇ ನಿಮಿಷದಲ್ಲಿ ಆ್ಯಂಟಿಬಯೋಟಿಕ್ ಬರೆದುಕೊಟ್ಟರು. ಐದು ದಿನ ನುಂಗಿದೆ. ಏನೂ ಬದಲಾಗಲಿಲ್ಲ. ಕೊನೆಗೆ ನಮ್ಮ ಹಳೆಯ ಡಾಕ್ಟರ ಹತ್ತಿರ ಹೋದೆ. ಅವರು ಹೊಟ್ಟೆ ಮುಟ್ಟಿ ನೋಡುವ ಮೊದಲೇ ಗೋಡೆಯ ಕ್ಯಾಲೆಂಡರ್ ನೋಡಿದರು. "ಎಲ್ಲಿಗೆ ಹೋಗಿದ್ರಿ? ವಾಪಸ್ ಬಂದಿದ್ದು ಯಾವತ್ತು? ಶುರುವಾಗಿದ್ದು ಯಾವತ್ತು?"

ಮೊದಲನೆಯ ಕ್ಲಿನಿಕ್‌ನಲ್ಲಿ ಇದನ್ನು ಕೇಳಿರಲಿಲ್ಲ. ತಪ್ಪು ಅವರದೊಂದೇ ಅಲ್ಲ, ನಾನೂ ಹೇಳಿರಲಿಲ್ಲ. ಬಂದು ಎರಡು ವಾರ ಆಯ್ತಲ್ಲ, ಅದಕ್ಕೂ ಇದಕ್ಕೂ ಏನು ಸಂಬಂಧ ಅಂದುಕೊಂಡಿದ್ದೆ. ಸಂಬಂಧ ಇರುವುದೇ ಆ ಎರಡು ವಾರದಲ್ಲಿ ಎಂದು ಆಮೇಲೆ ಗೊತ್ತಾಯಿತು.

ಒಂದೊಂದು ರೋಗಾಣುವಿಗೂ ಒಂದೊಂದು ಗಡುವು

ಹೊಟ್ಟೆಯೊಳಗೆ ಹೋದ ರೋಗಾಣು ಕೂಡಲೇ ತೊಂದರೆ ಕೊಡುವುದಿಲ್ಲ. ಅದು ಬೆಳೆಯಬೇಕು, ಕರುಳಿಗೆ ಅಂಟಿಕೊಳ್ಳಬೇಕು. ಅದಕ್ಕೆ ಹಿಡಿಯುವ ಸಮಯ ಒಂದೊಂದಕ್ಕೆ ಒಂದೊಂದು ತರಹ.

ಎಲ್ಲಕ್ಕಿಂತ ಬೇಗ ಬರುವುದು ವಿಷದ ತೊಂದರೆ. ಅನ್ನ ಮಾಡಿ ಗಂಟೆಗಟ್ಟಲೆ ಹಾಗೇ ಬಿಟ್ಟರೆ ಅದರಲ್ಲಿ ಬ್ಯಾಸಿಲಸ್ ಸಿರಿಯಸ್ ಎಂಬ ಬ್ಯಾಕ್ಟೀರಿಯಾ ವಿಷ ಬಿಡುತ್ತದೆ. ಆಮೇಲೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ತಿಂದು ಒಂದರಿಂದ ಆರು ಗಂಟೆಯೊಳಗೆ ವಾಂತಿ ಶುರು. ವಿಮಾನ ಹತ್ತುವ ಮೊದಲು ತಿಂದ ಫ್ರೈಡ್ ರೈಸ್ ವಿಮಾನದಲ್ಲೇ ಕೈಕೊಡುವುದು ಹೀಗೆ. ಒಂದು ದಿನದಲ್ಲಿ ಮುಗಿದೂ ಹೋಗುತ್ತದೆ.

ಪ್ರವಾಸಿಗಳ ಭೇದಿಯಲ್ಲಿ ಬಹುಪಾಲು ಬ್ಯಾಕ್ಟೀರಿಯಾದ್ದು. ಇ. ಕೋಲೈ, ಕ್ಯಾಂಪಿಲೊಬ್ಯಾಕ್ಟರ್, ಶಿಗೆಲ್ಲಾ, ಸಾಲ್ಮೊನೆಲ್ಲಾ ಇವು ಮುಖ್ಯವಾದವು. ಜೊತೆಗೆ ನೋರೊವೈರಸ್‌ನಂಥ ವೈರಸ್‌ಗಳು. ಇವೆಲ್ಲ ಸಾಮಾನ್ಯವಾಗಿ ಆರು ಗಂಟೆಯಿಂದ ಮೂರು ದಿನದೊಳಗೆ ಕಾಣಿಸಿಕೊಳ್ಳುತ್ತವೆ. ಹಾಗಾಗಿ ವಿದೇಶದಿಂದ ಬಂದು ಎರಡು ದಿನಕ್ಕೆ ಶುರುವಾದರೆ ಅಲ್ಲಿಂದ ತಂದದ್ದೇ ಇರಬಹುದು. ಬಂದು ಹತ್ತು ದಿನವಾದ ಮೇಲೆ, ಜೋರು ವಾಂತಿ ಭೇದಿ ಒಮ್ಮೆಲೇ ಶುರುವಾದರೆ? ಅದು ಬಾಲಿಯದ್ದೂ ಅಲ್ಲ, ಬ್ಯಾಂಕಾಕ್‌ನದ್ದೂ ಅಲ್ಲ. ಮೊನ್ನೆ ಬೀದಿಯಲ್ಲಿ ತಿಂದ ಪಾನಿಪುರಿಯದ್ದು ಇರಬಹುದು. ಪಾಪ, ಎಲ್ಲವನ್ನೂ ಪರದೇಶದ ತಲೆಗೆ ಕಟ್ಟಬಾರದು.

ನಿಧಾನದವು ಬೇರೆ. ನನಗೆ ಬಂದಿದ್ದು ಜಿಯಾರ್ಡಿಯಾ. ಒಂದೇ ಕೋಶದ ಜೀವಿ, ಬ್ಯಾಕ್ಟೀರಿಯಾ ಅಲ್ಲ. ಒಳಗೆ ಹೋಗಿ ಒಂದರಿಂದ ಮೂರು ವಾರ ಸುಮ್ಮನಿದ್ದು ಆಮೇಲೆ ತಲೆ ಎತ್ತುತ್ತದೆ. ಟೈಫಾಯ್ಡ್ ಕೂಡ ಒಂದರಿಂದ ಮೂರು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು. ಹೆಪಟೈಟಿಸ್ ಎ ಎರಡರಿಂದ ಏಳು ವಾರ ತೆಗೆದುಕೊಳ್ಳುತ್ತದೆ. ಅಮೀಬಾ ಇನ್ನೂ ಕಿಲಾಡಿ. ಕರುಳಿನಲ್ಲಿ ಹೆಚ್ಚು ಸದ್ದು ಮಾಡದೆ, ಎಷ್ಟೋ ತಿಂಗಳ ನಂತರ ಲಿವರ್‌ನಲ್ಲಿ ಕೀವಿನ ಗಡ್ಡೆಯಾಗಿ ಸಿಕ್ಕಿಬೀಳುವುದೂ ಉಂಟು.

ಎರಡನೆಯ ಎಣಿಕೆ, ಎಷ್ಟು ದಿನದಿಂದ ನಡೆಯುತ್ತಿದೆ ಎಂಬುದು. ವೈರಸ್ಸಿನದ್ದು ಎರಡು ಮೂರು ದಿನ. ಬ್ಯಾಕ್ಟೀರಿಯಾದ್ದು ಔಷಧಿಯಿಲ್ಲದೆಯೂ ಮೂರರಿಂದ ಏಳು ದಿನದಲ್ಲಿ ತಾನೇ ಇಳಿಯುತ್ತದೆ. ಹದಿನಾಲ್ಕು ದಿನ ದಾಟಿತೆಂದರೆ ಲೆಕ್ಕ ಬದಲಾಗುತ್ತದೆ. ಆಗ ಜಿಯಾರ್ಡಿಯಾದಂಥ ಜೀವಿಗಳ ಮೇಲೆ ಅನುಮಾನ ಜಾಸ್ತಿ. ನನ್ನ ವಿಷಯದಲ್ಲಿ ತಡವಾಗಿ ಶುರುವಾದದ್ದು, ಜ್ವರ ಇಲ್ಲದ್ದು, ಆ ತೇಗು, ಮೂರೂ ಒಂದೇ ಕಡೆ ಬೆರಳು ತೋರಿಸುತ್ತಿದ್ದವು.

"ನಮ್ಮ ಹೊಟ್ಟೆಗೆ ಎಲ್ಲ ಅಭ್ಯಾಸ"

ಈ ಮಾತನ್ನು ಪ್ರತಿ ಯಾತ್ರೆಯಲ್ಲೂ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ. ಅದರಲ್ಲಿ ಅರ್ಧ ನಿಜವಿದೆ. ಒಂದು ಊರಿನ ಇ. ಕೋಲೈ ತಳಿಗಳನ್ನು ಚಿಕ್ಕಂದಿನಿಂದ ನುಂಗುತ್ತ ಬೆಳೆದವರಿಗೆ ಆ ತಳಿಗಳ ಎದುರು ಒಂದಷ್ಟು ರಕ್ಷಣೆ ಬಂದಿರುತ್ತದೆ. ಬೇರೆ ಊರಿನ ತಳಿ ಬೇರೆ. ಮೈಸೂರಿನ ಹೊಟ್ಟೆ ಮೈಸೂರಿಗೆ ಗಟ್ಟಿ, ಕೈರೋಗೆ ಅಲ್ಲ. ಆ ರಕ್ಷಣೆ ಶಾಶ್ವತವೂ ಅಲ್ಲ. ಡಲ್ಲಾಸ್‌ನಲ್ಲೋ ಮೆಲ್ಬರ್ನ್‌ನಲ್ಲೋ ಹತ್ತು ವರ್ಷ ಇದ್ದು ಬಂದವರು ತವರಿನ ನೀರಿಗೇ ಮಲಗುವುದನ್ನು ನಾವು ನೋಡಿಲ್ವಾ? ಅವರ ಮಕ್ಕಳಿಗಂತೂ ಅಜ್ಜಿ ಮನೆಯೇ ಪರದೇಶ.

ಇನ್ನು ಜಿಯಾರ್ಡಿಯಾದ ಮುಂದೆ ಯಾವ ಜಂಬವೂ ನಡೆಯುವುದಿಲ್ಲ. ಅದು ಗಟ್ಟಿ ಚಿಪ್ಪಿನ ಕೋಶವಾಗಿ ನೀರಿನಲ್ಲಿ ಕಾದು ಕೂತಿರುತ್ತದೆ. ನೀರು ತಣ್ಣಗಿದ್ದಷ್ಟೂ ಅದಕ್ಕೆ ಒಳ್ಳೆಯದು, ತಿಂಗಳುಗಟ್ಟಲೆ ಬದುಕುತ್ತದೆ. ಕ್ಲೋರಿನ್‌ಗೆ ಸುಲಭಕ್ಕೆ ಜಗ್ಗುವುದಿಲ್ಲ. ಹತ್ತು ಕೋಶ ಹೊಟ್ಟೆಗೆ ಹೋದರೂ ಸಾಕು. ಒಳಗೆ ಚಿಪ್ಪು ಒಡೆದು ಹೊರಬಂದು, ತನ್ನ ಮೈಯ ಅಡಿಭಾಗದಲ್ಲಿರುವ ಬಟ್ಟಲಿನಂಥ ಅಂಗದಿಂದ ಸಣ್ಣ ಕರುಳಿನ ಗೋಡೆಗೆ ಕಚ್ಚಿಕೊಳ್ಳುತ್ತದೆ. ಕರುಳು ಜಿಡ್ಡನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಆ ಜಿಡ್ಡೆಲ್ಲ ಮಲದ ಜೊತೆ ಹೋಗುತ್ತದೆ. ಮಲ ಎಣ್ಣೆಯಂತೆ ಹೊಳೆಯುತ್ತ ನೀರಿನ ಮೇಲೆ ತೇಲಿದರೆ ಅದನ್ನು ಡಾಕ್ಟರಿಗೆ ಹೇಳಿ, ನಾಚಿಕೆ ಬೇಡ. ಸೂಕ್ಷ್ಮದರ್ಶಕದ ಹಳೆಯ ಉಸ್ತಾದ್, ಡಚ್ಚರ ಆಂಟೊನಿ ವಾನ್ ಲೇವನ್‌ಹುಕ್ 1681ರಲ್ಲಿ ಈ ಜೀವಿಯನ್ನು ಮೊದಲು ಕಂಡದ್ದು ಎಲ್ಲಿ ಗೊತ್ತಾ? ತನ್ನದೇ ಭೇದಿಯಲ್ಲಿ. ಅವರಿಗೆ ಇಲ್ಲದ ನಾಚಿಕೆ ನಮಗೇಕೆ?

ನನಗೆ ಎಲ್ಲಿ ಅಂಟಿತು ಎಂದು ಹೇಳಲಾರೆ. ಬೆಟ್ಟದ ದಾರಿಯಲ್ಲಿ ಬೊಗಸೆಯೊಡ್ಡಿ ಕುಡಿದ ಧಾರೆಯ ನೀರು ಇರಬಹುದು, ಊಟದ ತಟ್ಟೆಯ ಅಂಚಿನ ಹಸಿ ಮೂಲಂಗಿ ಇರಬಹುದು. ಮುಕ್ತಿನಾಥ ಇರುವುದು ಸುಮಾರು 3,700 ಮೀಟರ್ ಎತ್ತರದಲ್ಲಿ. ಅಲ್ಲಿ ನೀರು 100 ಡಿಗ್ರಿಗೆ ಮೊದಲೇ ಕುದಿಯುತ್ತದೆ. ಅದಕ್ಕೇ 2,000 ಮೀಟರ್‌ಗಿಂತ ಮೇಲೆ ಒಂದು ನಿಮಿಷದ ಬದಲು ಮೂರು ನಿಮಿಷ ಕುದಿಸಬೇಕು ಎನ್ನುವುದು. ಎಷ್ಟು ಎತ್ತರದಲ್ಲಾದರೂ ಕುದಿಸಿದ ಚಹಾ ತಣ್ಣನೆಯ ಧಾರೆಗಿಂತ ವಾಸಿ.

ಮೊದಲ ಕೆಲಸ ನೀರು ತುಂಬುವುದು

ಯಾವ ರೋಗಾಣುವೇ ಇರಲಿ, ಮೊದಲ ದಿನಗಳಲ್ಲಿ ಅಪಾಯ ಬರುವುದು ನೀರು ಮತ್ತು ಉಪ್ಪು ಕಳೆದುಹೋಗುವುದರಿಂದ. ಇಲ್ಲಿ ಒಂದು ಸೊಗಸಾದ ವಿಷಯವಿದೆ. ಇ. ಕೋಲೈಯ ವಿಷ ಕರುಳಿನ ಕೋಶಗಳಿಂದ ನೀರನ್ನು ಹೊರಕ್ಕೆ ಸುರಿಸುತ್ತದೆ. ಆದರೆ ನೀರು ಒಳಗೆ ಹೋಗುವ ಒಂದು ಬಾಗಿಲನ್ನು ಅದು ಮುಚ್ಚಲಾರದು. ಉಪ್ಪಿನ ಸೋಡಿಯಂ ಮತ್ತು ಗ್ಲೂಕೋಸ್ ಜೊತೆಯಾಗಿ ಬಂದರೆ ಮಾತ್ರ ತೆರೆಯುವ ಬಾಗಿಲು ಅದು. ಅವೆರಡೂ ಒಳಗೆ ಹೋಗುವಾಗ ನೀರನ್ನೂ ಎಳೆದುಕೊಂಡು ಹೋಗುತ್ತವೆ. ಬರೀ ನೀರು ಕುಡಿದರೆ ಆ ಬಾಗಿಲು ತೆರೆಯುವುದಿಲ್ಲ. ಓಆರ್‌ಎಸ್‌ನ ಗುಟ್ಟು ಇಷ್ಟೇ.

1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್‌ಗೆ ಬಂದಾಗ ಕಾಲರಾ ಹಬ್ಬಿತು. ಡ್ರಿಪ್ ಹಾಕಲು ಸಲೈನ್ ಬಾಟಲಿಗಳೇ ಸಾಲಲಿಲ್ಲ. ಡಾ. ದಿಲೀಪ್ ಮಹಲನಬಿಸ್ ಉಪ್ಪು, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ಮನೆಯವರ ಕೈಯಲ್ಲೇ ರೋಗಿಗಳಿಗೆ ಕುಡಿಸಿದರು. ನೂರಕ್ಕೆ 30ರವರೆಗೂ ಇದ್ದ ಸಾವು 4ಕ್ಕಿಂತ ಕೆಳಗೆ ಇಳಿಯಿತು. ಅವರು ತೀರಿಕೊಂಡಿದ್ದು 2022ರಲ್ಲಿ. ಪದ್ಮವಿಭೂಷಣ ಬಂದಿದ್ದು ಮರುವರ್ಷ.

ಇಷ್ಟು ಒಳ್ಳೆಯ ಔಷಧಿಯನ್ನೂ ನಾವು ಕೆಡಿಸಿ ಕುಡಿಯುತ್ತೇವೆ. ದೊಡ್ಡ ಪ್ಯಾಕೆಟ್ ಇರುವುದು ಒಂದು ಲೀಟರ್‌ಗೆ. ಅದನ್ನು ಒಂದೇ ಲೋಟಕ್ಕೆ ಸುರಿದರೆ ಭೇದಿ ಜಾಸ್ತಿಯಾಗುತ್ತದೆ. ಒಂದು ಲೋಟಕ್ಕೆ, ಅಂದರೆ 200 ಮಿಲಿಗೆ, ಬೇರೆಯೇ ಸಣ್ಣ ಪ್ಯಾಕೆಟ್ ಸಿಗುತ್ತದೆ. ಮೆಡಿಕಲ್ ಶಾಪ್‌ನಲ್ಲಿ ಹಣ್ಣಿನ ರುಚಿಯ ಸಿಹಿ ಟೆಟ್ರಾ ಪ್ಯಾಕ್ ಕೊಟ್ಟರೆ ಬೇಡ ಅನ್ನಿ. ಅದು ಬರೀ ಸಕ್ಕರೆ ನೀರು. ಇಂಥ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಎಂಬ ಪದ ಬಳಸಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶ ಮಾಡಿತು. ಪ್ಯಾಕೆಟ್ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದಿದೆಯಾ ನೋಡಿ. ಏನೂ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಎರಡೂ ಚಮಚದ ಮಟ್ಟಕ್ಕೆ, ಗೋಪುರ ಮಾಡದೆ.

ನಮ್ಮ ಅಮ್ಮಂದಿರ ಗಂಜಿಗೆ ಇಲ್ಲಿ ಒಳ್ಳೆಯ ಅಂಕ ಸಿಗುತ್ತದೆ. ಅಕ್ಕಿಯ ಪಿಷ್ಟ ಕರುಳಿನಲ್ಲಿ ನಿಧಾನವಾಗಿ ಗ್ಲೂಕೋಸ್ ಆಗುತ್ತದೆ, ಹಾಕಿದ ಉಪ್ಪಿನ ಜೊತೆ ಸೇರಿ ಅದೇ ಬಾಗಿಲು ತೆರೆಯುತ್ತದೆ. ಉಪ್ಪು ಹಾಕಿದ ನೀರು ಮಜ್ಜಿಗೆ ಕೂಡ ಸರಿ. ಎಳನೀರಿನಲ್ಲಿ ಪೊಟ್ಯಾಸಿಯಂ ಬೇಕಾದಷ್ಟಿದೆ, ಸೋಡಿಯಂ ಕಡಿಮೆ. ಕುಡಿಯಿರಿ, ಆದರೆ ಅದೊಂದನ್ನೇ ನೆಚ್ಚಿಕೊಳ್ಳಬೇಡಿ. ಉಪವಾಸ ಹಾಕುವುದು ಬೇಡ. ಇಡ್ಲಿ, ಮೊಸರನ್ನ, ಬಾಳೆಹಣ್ಣು ಹೋದಷ್ಟು ಹೋಗಲಿ.

ಗುಳಿಗೆ ವಿಷಯದಲ್ಲಿ ಆತುರ ಬೇಡ

ಭೇದಿ ಕಟ್ಟುವ ಲೋಪೆರಮೈಡ್ ಗುಳಿಗೆ ಕರುಳಿನ ಓಟವನ್ನು ನಿಧಾನ ಮಾಡುತ್ತದೆ ಅಷ್ಟೇ, ರೋಗಾಣುವನ್ನು ಕೊಲ್ಲುವುದಿಲ್ಲ. ದೊಡ್ಡವರಿಗೆ, ಜ್ವರವೂ ರಕ್ತವೂ ಇಲ್ಲದಾಗ, ಮನೆ ತಲುಪುವವರೆಗೆ ಒಂದೆರಡು ದಿನಕ್ಕೆ ಪರವಾಗಿಲ್ಲ. ಜ್ವರ ಅಥವಾ ರಕ್ತ ಇದ್ದರೆ ಮುಟ್ಟಬೇಡಿ, ಒಳಗಿನ ಕೆಟ್ಟದ್ದು ಒಳಗೇ ಉಳಿಯುತ್ತದೆ. ಚಿಕ್ಕ ಮಕ್ಕಳಿಗಂತೂ ಬೇಡವೇ ಬೇಡ.

ಆ್ಯಂಟಿಬಯೋಟಿಕ್ ಕಥೆ ಇನ್ನೂ ಸೂಕ್ಷ್ಮ. ಒಫ್ಲಾಕ್ಸಸಿನ್ ಮತ್ತು ಆರ್ನಿಡಜೋಲ್ ಸೇರಿದ ಗುಳಿಗೆ ನಮ್ಮಲ್ಲಿ ಚೀಟಿ ಇಲ್ಲದೆಯೂ ಕೈಗೆ ಬರುತ್ತದೆ. ಎರಡು ನುಂಗಿ, ವಾಸಿ ಅನ್ನಿಸಿದ ಕೂಡಲೇ ನಿಲ್ಲಿಸುವವರೇ ಜಾಸ್ತಿ. ಥಾಯ್ಲೆಂಡ್ ಕಡೆಯ ಕ್ಯಾಂಪಿಲೊಬ್ಯಾಕ್ಟರ್ ಈ ಒಫ್ಲಾಕ್ಸಸಿನ್ ಗುಂಪಿನ ಔಷಧಿಗಳಿಗೆ ಬಗ್ಗುವುದನ್ನೇ ಬಿಟ್ಟಿದೆ. ನಮ್ಮ ದೇಶದ ಟೈಫಾಯ್ಡ್ ಕೂಡ ಹೆಚ್ಚೂಕಡಿಮೆ ಹಾಗೇ. ಬೇಕಿಲ್ಲದಾಗ ನುಂಗಿದ ಗುಳಿಗೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕೊಂದು, ಔಷಧಿಗೆ ಜಗ್ಗದ ತಳಿಗಳಿಗೆ ಜಾಗ ಮಾಡಿಕೊಡುತ್ತದೆ. ಪ್ರವಾಸದಲ್ಲಿ ಆ್ಯಂಟಿಬಯೋಟಿಕ್ ತೆಗೆದುಕೊಂಡವರು ಅಂಥ ತಳಿಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಮನೆಗೆ ಬರುವುದು ಜಾಸ್ತಿ ಎಂಬುದು ಫಿನ್ಲೆಂಡಿನ ಪ್ರವಾಸಿಗಳನ್ನು ಪರೀಕ್ಷಿಸಿದಾಗ ಕಂಡುಬಂದಿದೆ. ಸಾಧಾರಣ ಭೇದಿಗೆ ಕಾಯುವುದೇ ಒಳ್ಳೆಯದು.

ಹಾಗಂತ ಎಲ್ಲದಕ್ಕೂ ಕಾಯುವಂತಿಲ್ಲ. ಮಲದಲ್ಲಿ ರಕ್ತ ಕಂಡರೆ, 38.5 ಡಿಗ್ರಿ ದಾಟಿದ ಜ್ವರ ಇದ್ದರೆ, ಕುಡಿದ ನೀರೂ ನಿಲ್ಲದಿದ್ದರೆ, ಆರೆಂಟು ಗಂಟೆ ಮೂತ್ರವೇ ಬರದಿದ್ದರೆ, ಕಣ್ಣು ಹಳದಿಯಾದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ಹಸುಗೂಸು, ಬಸುರಿ, ವಯಸ್ಸಾದವರು, ಸಕ್ಕರೆ ಕಾಯಿಲೆ ಅಥವಾ ಕಿಡ್ನಿ ತೊಂದರೆ ಇರುವವರು ಇಷ್ಟಕ್ಕೂ ಕಾಯಬಾರದು.

ರಕ್ತದ ವಿಷಯ ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆಂದರೆ, 2011ರಲ್ಲಿ ಜರ್ಮನಿಯಲ್ಲಿ ನಡೆದದ್ದು ನೋಡಿ. ಒಂದು ಕೆಟ್ಟ ಇ. ಕೋಲೈ ತಳಿಯಿಂದ ಸುಮಾರು 3,800 ಜನ ಕಾಯಿಲೆ ಬಿದ್ದರು, 50ಕ್ಕೂ ಹೆಚ್ಚು ಜನ ಸತ್ತರು. ಎಷ್ಟೋ ಜನರಿಗೆ ರಕ್ತಭೇದಿಯ ಬೆನ್ನಿಗೇ ಕಿಡ್ನಿ ಕೈಕೊಟ್ಟಿತು. ಮೊದಲು ಸೌತೆಕಾಯಿಯನ್ನು ದೂರಿದರು. ಕೊನೆಗೆ ಬೆರಳು ಹೋದದ್ದು ಈಜಿಪ್ಟಿನಿಂದ ಬಂದ ಬೀಜದ ಹಸಿ ಮೊಳಕೆಯ ಕಡೆಗೆ. ಬೀಜ ಯಾವುದು? ನಮ್ಮ ಮೆಂತ್ಯ! ಒಗ್ಗರಣೆಯಲ್ಲಿ ಸಿಡಿಯುವ ಮೆಂತ್ಯಕ್ಕೂ ಹಸಿ ಸಲಾಡಿನ ಮೊಳಕೆಗೂ ನಡುವಿನ ವ್ಯತ್ಯಾಸ ಬೆಂಕಿ ಮಾತ್ರ.

ಇನ್ನೊಂದು ಮಾತು ಆಫ್ರಿಕಾಕ್ಕೆ ಹೋಗಿಬರುವವರಿಗೆ. ಮಸಾಯಿ ಮಾರಾಗೆ ಸಫಾರಿ ಹೋಗುವವರಿದ್ದಾರೆ, ಉಗಾಂಡಾ, ತಾಂಜಾನಿಯಾದಲ್ಲಿ ಕೆಲಸಕ್ಕಿರುವವರಿದ್ದಾರೆ. ಬಂದ ಮೇಲೆ ಜ್ವರದ ಜೊತೆ ಭೇದಿ ಕಂಡರೆ ಹೊಟ್ಟೆ ಕೆಟ್ಟಿದೆ ಎಂದು ಕೂರಬೇಡಿ. ಮಲೇರಿಯಾದಲ್ಲೂ ವಾಂತಿ ಭೇದಿ ಬರುತ್ತದೆ. ಅಲ್ಲಿಯ ಫಾಲ್ಸಿಪಾರಂ ಮಲೇರಿಯಾ ಒಂದೆರಡು ದಿನದಲ್ಲಿ ಜೀವಕ್ಕೇ ಎರವಾಗಬಲ್ಲದು. ಅವತ್ತೇ ರಕ್ತ ಪರೀಕ್ಷೆ ಆಗಬೇಕು. ಹಾಗೆಯೇ ಊರಿನಿಂದ ಅಮೆರಿಕಕ್ಕೋ ಇಂಗ್ಲೆಂಡಿಗೋ ಮರಳಿದ ಮೇಲೆ ಮಗುವಿಗೆ ಬಿಡದ ಜ್ವರ ಬಂದರೆ, ಭಾರತಕ್ಕೆ ಹೋಗಿದ್ದೆವು ಎಂಬುದು ಅಲ್ಲಿನ ಡಾಕ್ಟರಿಗೆ ಹೇಳುವ ಮೊದಲ ಮಾತಾಗಲಿ. ಅಲ್ಲಿ ಟೈಫಾಯ್ಡ್ ಅಪರೂಪ, ಹೇಳದಿದ್ದರೆ ಅವರಿಗೆ ಹೊಳೆಯುವುದೇ ಇಲ್ಲ.

ಡಬ್ಬಿ, ಪರೀಕ್ಷೆ, ಆಮೇಲಿನ ಕಾಫಿ

ನಮ್ಮ ಡಾಕ್ಟರು ಮಲ ಪರೀಕ್ಷೆಗೆ ಬರೆದರು. ಒಂದಲ್ಲ, ಬೇರೆ ಬೇರೆ ದಿನದ ಮೂರು ಸ್ಯಾಂಪಲ್. ಜಿಯಾರ್ಡಿಯಾ ದಿನವೂ ಮಲದಲ್ಲಿ ಬರುವುದಿಲ್ಲ. ಒಂದು ದಿನ ಬಂದರೆ ಎರಡು ದಿನ ರಜೆ. ಒಂದೇ ಸ್ಯಾಂಪಲ್ ಕೊಟ್ಟು "ನಾರ್ಮಲ್" ಎಂಬ ರಿಪೋರ್ಟ್ ಹಿಡಿದು ನೆಮ್ಮದಿಯಾಗುವವರು ಹೀಗೆ ತಪ್ಪಿಸಿಕೊಳ್ಳುತ್ತಾರೆ. ಲ್ಯಾಬ್‌ನ ಡಬ್ಬಿಯಲ್ಲೇ ಹಿಡಿಯಬೇಕು, ಮೂತ್ರ ಸೇರಬಾರದು, ತಡ ಮಾಡದೆ ಕೊಡಬೇಕು. ನನಗೆ ಎರಡನೆಯ ಸ್ಯಾಂಪಲ್‌ನಲ್ಲಿ ಸಿಕ್ಕಿತು.

ಹೆಸರು ಹಿಡಿದು ಹುಡುಕುವುದು ಯಾಕೆ, ಸುಮ್ನೆ ಔಷಧಿ ಕೊಟ್ಟರೆ ಆಗಲ್ವಾ ಎಂದು ಕೇಳಿದ್ದೆ. ನೇಪಾಳದ್ದೇ ಉದಾಹರಣೆ ಕೊಟ್ಟರು. ಅಲ್ಲಿ ಮಳೆಗಾಲದ ಹೊತ್ತಿಗೆ ಸೈಕ್ಲೊಸ್ಪೊರಾ ಎಂಬ ಇನ್ನೊಂದು ಜೀವಿ ಹೆಚ್ಚುತ್ತದೆ. ಅದೂ ವಾರಗಟ್ಟಲೆ ಭೇದಿ ಕೊಡುತ್ತದೆ, ಜೊತೆಗೆ ಎದ್ದು ನಿಲ್ಲಲಾರದಷ್ಟು ಸುಸ್ತು, ಊಟ ಕಂಡರೆ ಆಗದು. ಮೇಲ್ನೋಟಕ್ಕೆ ಎರಡೂ ಒಂದೇ. ಆದರೆ ಜಿಯಾರ್ಡಿಯಾಕ್ಕೆ ಕೊಡುವ ಮೆಟ್ರೊನಿಡಜೋಲ್ ಅದಕ್ಕೆ ನಾಟುವುದಿಲ್ಲ. ಅದಕ್ಕೆ ಸಲ್ಫಾ ಸೇರಿದ ಕೋಟ್ರೈಮಾಕ್ಸಜೋಲ್ ಬೇಕು. ಸಾಮಾನ್ಯ ಮಲ ಪರೀಕ್ಷೆಯಲ್ಲಿ ಅದು ಕಾಣುವುದೂ ಕಷ್ಟ. ಲ್ಯಾಬ್‌ನವರಿಗೆ ಇದನ್ನು ಹುಡುಕಿ ಎಂದು ಹೇಳಿಯೇ ಕಳಿಸಬೇಕು.

ನನಗೆ ಟಿನಿಡಜೋಲ್ ಕೊಟ್ಟರು, ಒಂದೇ ಸಲದ ಡೋಸ್. ಎರಡು ದಿನ ಬಾಯಲ್ಲಿ ತಾಮ್ರದ ಕಾಸು ಇಟ್ಟುಕೊಂಡ ಹಾಗಿತ್ತು. ಈ ಗುಂಪಿನ ಔಷಧಿ ತೆಗೆದುಕೊಂಡಾಗ ಮದ್ಯ ಮುಟ್ಟಬಾರದು ಎಂದು ಮೂರು ಸಲ ಹೇಳಿದರು. ನನ್ನ ಮುಖ ನೋಡಿ ಯಾಕೆ ಹಾಗನ್ನಿಸಿತೋ. ಭೇದಿ ನಿಂತ ಮೇಲೂ ಎರಡು ದಿನ ಅಡುಗೆಮನೆಗೆ ಹೋಗಬೇಡಿ, ಕೈಗೆ ಸ್ಯಾನಿಟೈಸರ್ ಸಾಲದು, ಸೋಪೇ ಬೇಕು ಎಂದರು. ನೋರೊವೈರಸ್ಸಿಗೂ ಜಿಯಾರ್ಡಿಯಾದ ಚಿಪ್ಪಿಗೂ ಸ್ಯಾನಿಟೈಸರ್ ಅಷ್ಟಾಗಿ ನಾಟುವುದಿಲ್ಲ.

ತೇಗು ಹೋಯಿತು. ಆದರೆ ಕಾಫಿ ಕುಡಿದರೆ ಮತ್ತೆ ಉಬ್ಬರ. ರೋಗ ವಾಪಸ್ ಬಂತೆಂದು ಹೆದರಿದೆ. ಅದು ರೋಗ ಅಲ್ಲ, ಹಾಲು. ಹಾಲಿನ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಇರುವುದು ಸಣ್ಣ ಕರುಳಿನ ಒಳಗಿನ ಕೂದಲಿನಂಥ ಎಳೆಗಳ ತುದಿಯಲ್ಲಿ. ಜಿಯಾರ್ಡಿಯಾ ಮೊದಲು ಸವೆಸುವುದು ಆ ತುದಿಗಳನ್ನೇ. ಅವು ಮತ್ತೆ ಚಿಗುರಲು ಕೆಲವು ವಾರ ಬೇಕು. ಅಲ್ಲಿಯವರೆಗೆ ಹಾಲು ಬೇಡ, ಮೊಸರು ಮಜ್ಜಿಗೆ ಸ್ವಲ್ಪ ಸ್ವಲ್ಪ ನಡೆಯುತ್ತದೆ. ಇದು ಗೊತ್ತಿಲ್ಲದೆ ಎರಡನೆಯ, ಮೂರನೆಯ ಕೋರ್ಸ್ ಗುಳಿಗೆ ನುಂಗುವವರಿದ್ದಾರೆ.

ಕೆಲವರಿಗೆ ಕರುಳಿನ ಸಿಟ್ಟು ಇನ್ನೂ ದೀರ್ಘ. ಸೋಂಕು ಪೂರ್ತಿ ಹೋಗಿ, ಎಲ್ಲ ರಿಪೋರ್ಟ್ ಸರಿಯಿದ್ದರೂ ನೋವು, ಉಬ್ಬರ, ಒಂದು ದಿನ ಭೇದಿ ಒಂದು ದಿನ ಮಲಬದ್ಧತೆ. ಜೋರು ಸೋಂಕಾದ ಸುಮಾರು ಹತ್ತು ಜನರಲ್ಲಿ ಒಬ್ಬರಿಗೆ ಹೀಗಾಗುತ್ತದೆ. ಕೆನಡಾದ ವಾಕರ್ಟನ್ ಎಂಬ ಸಣ್ಣ ಊರಿನಲ್ಲಿ 2000ನೇ ಇಸವಿಯಲ್ಲಿ ಕುಡಿಯುವ ನೀರು ಕೆಟ್ಟು ಎರಡು ಸಾವಿರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದಿದ್ದರು. ಅವರಲ್ಲಿ ಕೆಲವರಿಗೆ ಎಂಟು ವರ್ಷ ಆದಮೇಲೂ ಕರುಳು ಮುನಿಸಿಕೊಂಡೇ ಇತ್ತು. ಇದು ಮನಸ್ಸಿನ ಭ್ರಮೆಯಲ್ಲ, ನಿಜವಾದ ತೊಂದರೆ. ಹೆಚ್ಚಿನವರಿಗೆ ಕಾಲ ಕಳೆದಂತೆ ಇಳಿಯುತ್ತದೆ. ಆದರೆ ತೂಕ ಇಳಿಯುತ್ತಿದ್ದರೆ, ರಕ್ತ ಕಡಿಮೆಯಾಗುತ್ತಿದ್ದರೆ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ ಇದ್ದರೆ ಇದನ್ನು ಸಿಟ್ಟು ಎಂದು ಬಿಡಬಾರದು. ಒಳಗೆ ಬೇರೇನೋ ಇರಬಹುದು, ಹೊಟ್ಟೆಯ ತಜ್ಞರು ನೋಡಬೇಕು.

ನನ್ನದು ಅಷ್ಟು ದೂರ ಹೋಗಲಿಲ್ಲ. ಮೂರು ವಾರ ಕಪ್ಪು ಕಾಫಿ ಕುಡಿದೆ. ನಾಲ್ಕನೆಯ ವಾರ ಕಾಲು ಲೋಟ ಹಾಲು ಹಾಕಿ ಕುಡಿದು, ಗಡಿಯಾರ ನೋಡುತ್ತ ಕೂತೆ. ಒಂದು ಗಂಟೆಯಾಯಿತು. ಎರಡಾಯಿತು. ಹೊಟ್ಟೆ ಮಾತಾಡಲಿಲ್ಲ.